ಕಾಲಾಳು ಬಿಟ್ಟ ಮನೆ

ಚದುರಂಗದ ಮಣೆಯ ಮೂಲೆಯ ಪಕ್ಕದ ಮನೆಯಲ್ಲಿ ಬಿಳಿ ರಾಜ ಮೂವರು ಕಾಲಾಳುಗಳನ್ನು ಗೋಡೆಯಂತೆ ಮುಂದೆ ನಿಲ್ಲಿಸಿಕೊಂಡು ನೆಮ್ಮದಿಯಾಗಿದ್ದ. ಕಾಲಾಳು ಮುಂದಕ್ಕೆ ಮಾತ್ರ ನಡೆಯಬಲ್ಲ. ಹಿಂದಕ್ಕೆ ಬರುವ ನಡೆ ಅವನಿಗೆ ಇಲ್ಲವೇ ಇಲ್ಲ.

ಅಂಚಿನ ಕಾಲಾಳಿಗೆ ದೂರದಲ್ಲಿ ಕಪ್ಪು ಆನೆ ಕಂಡಿತು. ಆನೆಯೆಂದರೆ ನೇರ ಗೆರೆಯಲ್ಲಿ ಎಷ್ಟು ದೂರ ಬೇಕಾದರೂ ನುಗ್ಗುವ ಪ್ರಾಣಿ.

"ಪ್ರಭು, ಅದು ನಿಮ್ಮ ಸಾಲಿಗೆ ಬಂದರೆ ನಿಮಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಾನು ಒಂದು ಮನೆ ಮುಂದೆ ಹೋಗುತ್ತೇನೆ," ಎಂದ.

"ಗೋಡೆ ಎಲ್ಲಾದರೂ ನಡೆಯುವುದುಂಟೇನೋ? ಸುಮ್ಮನೆ ನಿಲ್ಲು!" ಎಂದು ರಾಜ ಗದರಿದ.

ಆಚೆ ನಿಂತಿದ್ದ ಒಂಟೆ ನಕ್ಕಿತು. "ನೋಡಿ, ಇವನು ಆಗಲೇ ಮಂತ್ರಿಯಾಗಿಬಿಟ್ಟ!"

"ನಾನು ಗೋಡೆಯಲ್ಲ, ಪ್ರಭು," ಎಂದವನೇ ಕಾಲಾಳು ಮುಂದಡಿ ಇಟ್ಟೇಬಿಟ್ಟ.

ಮರುಕ್ಷಣ ಆನೆ ರಾಜನ ಸಾಲಿಗೆ ನುಗ್ಗಿತು. ಬೆವೆತುಹೋದ ರಾಜ, ಕಾಲಾಳು ಬಿಟ್ಟ ಮನೆಗೆ ಓರೆಯಾಗಿ ಸರಿದು ಜೀವ ಉಳಿಸಿಕೊಂಡ. ಉಸಿರು ಹಿಡಿತಕ್ಕೆ ಬಂದದ್ದೇ ತಡ, ಗುಡುಗಿದ: "ಅಪ್ಪಣೆ ಮೀರಿದೆಯಲ್ಲ! ಈಗಿಂದೀಗಲೇ ನಿನ್ನ ಮನೆಗೆ ವಾಪಸು ಬಾ!"

ಕಾಲಾಳು ತಿರುಗಿಯೂ ನೋಡಲಿಲ್ಲ.

"ಹಿಂದಕ್ಕೆ ಬರುವ ನಡೆ ನನಗಿಲ್ಲ, ಪ್ರಭು. ಇದ್ದಿದ್ದರೂ, ಆ ಮನೆಯಲ್ಲಿ ಈಗ ನೀವು ನಿಂತಿದ್ದೀರಿ."