ದೊಡ್ಡ ಚಕ್ರದ ಜವರ

ಈ ಬೆಟ್ಟಕ್ಕೆ ಟಾರು ಹತ್ತಿರಲಿಲ್ಲ, ಕರೆಂಟು ಕಂಬ ಹತ್ತಿರಲಿಲ್ಲ, ಜೀಪು ಮಾತ್ರ ಹತ್ತಿತ್ತು. ಅಷ್ಟು ಹಿಂದಿನ ಮಾತು. ಆಗ ಕಾರೆದೊಡ್ಡಿ ಅಂತ ಒಂದು ಊರು, ಆ ಊರಿಗೆ ಎರಡೇ ಜೀಪು. ಒಂದು ಗುರುಮಲ್ಲನದು, ಇನ್ನೊಂದು ಜವರನದು. ನಾನು ಹೇಳುವುದು ಜವರನ ಕಥೆಯೇ. ಆದರೆ ಗುರುಮಲ್ಲನ ಹೊಟ್ಟೆಯುರಿ ಬಿಟ್ಟು ಹೇಳಿದರೆ ಉಪ್ಪಿಲ್ಲದ ಸಾರಾಗುತ್ತದೆ, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಬೆಟ್ಟಕ್ಕೆ ಮೊದಲು ಜೀಪು ತಂದವನು ಗುರುಮಲ್ಲ. ಅವನ ಹಾರನ್ ಕೇಳಿದರೆ ಹೆಂಗಸರು ಒಲೆ ಮೇಲಿನ ಹಿಟ್ಟು ಬಿಟ್ಟು ಓಡಿ ಬರುತ್ತಿದ್ದರಂತೆ. ರೇಷನ್ ಅಕ್ಕಿ ಅವನ ಜೀಪಲ್ಲಿ, ಮದುವೆ ಗಂಡು ಅವನ ಜೀಪಲ್ಲಿ, ತುಂಬಿದ ಬಸುರಿ ಅವನ ಜೀಪಲ್ಲಿ. ಊಟದ ಪಂಕ್ತಿಯಲ್ಲಿ ಮೊದಲ ಎಲೆಯೂ ಅವನಿಗೇ.

ದಾರಿ ಅಂದರೆ ಏಳು ತಿರುವಿನ ದಾರಿ. ಮಳೆನೀರು ಕೊರೆದು ಎರಡು ಕಡೆ ಆಳವಾದ ಕೊರಕಲು, ನಡುವೆ ಬಂಡೆ. ಚಕ್ರ ಕೊರಕಲಿಗೆ ಇಳಿದರೆ ಜೀಪಿನ ಹೊಟ್ಟೆ ಬಂಡೆ ಮೇಲೆ ಕೂತುಬಿಡುತ್ತಿತ್ತು. ಆಗ ಎಲ್ಲರೂ ಇಳಿದು ತಳ್ಳಬೇಕು. ಗುರುಮಲ್ಲ ಮಾತ್ರ ಇಳಿಯುತ್ತಿರಲಿಲ್ಲವಂತೆ.

ಜವರ ಬಂದದ್ದು ಆಮೇಲೆ. ಅವನ ಜೀಪು ಅವನಿಗಿಂತ ಹಳೆಯದು. ಮಾತು ಕಡಿಮೆ, ಕೈ ಜಾಸ್ತಿ ಆಡುವ ಆಸಾಮಿ. ಒಂದು ಸಲ ಪೇಟೆಯ ಗುಜರಿಯಿಂದ ನಾಲ್ಕು ದೊಡ್ಡ ಟೈರು ತಂದು ಹಾಕಿದ. ಜೀಪು ಗೇಣುದ್ದ ಎತ್ತರವಾಯಿತು. ಆದರೆ ಸ್ಟೇರಿಂಗ್ ತಿರುಗಿಸಿದರೆ ಟೈರು ಒಳಗಿನ ಕಮಾನು ಪಟ್ಟಿಗೆ ಉಜ್ಜಿ ಕಿರ್ರೆನ್ನುತ್ತಿತ್ತು, ರಬ್ಬರು ಸುಟ್ಟ ವಾಸನೆ. ಊರೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಗುರುಮಲ್ಲ ನಕ್ಕ. "ಕೋಳಿಮರಿಗೆ ಆನೆ ಕಾಲು ಕನ್ರಪ್ಪ" ಅಂದನಂತೆ.

ಜವರ ಮೂರು ದಿನ ಆ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದನಂತೆ. ಒಂಬತ್ತು ದಿನ ಅನ್ನುವವರೂ ಇದ್ದಾರೆ. ಆಮೇಲೆ ಎದ್ದು ಪೇಟೆಗೆ ಹೋಗಿ, ಲೇತಿನವನ ಹತ್ತಿರ ನಾಲ್ಕು ಕಬ್ಬಿಣದ ಬಿಲ್ಲೆ ಕಡೆಸಿಕೊಂಡು ಬಂದ. ರಾಗಿ ರೊಟ್ಟಿಯಷ್ಟು ಅಗಲ, ಎರಡು ಬೆರಳು ದಪ್ಪ. ಬಿಲ್ಲೆಯನ್ನು ಅಚ್ಚಿನ ತುದಿಗೆ ನಟ್ಟು ಹಾಕಿ ಬಿಗಿದ, ಅದರ ಮೇಲೆ ಚಕ್ರ ಕೂರಿಸಿ ಮತ್ತೆ ಬಿಗಿದ. ಚಕ್ರಗಳು ಎರಡೆರಡು ಬೆರಳು ಹೊರಗೆ ಬಂದವು. ಉಜ್ಜುವುದು ನಿಂತಿತು. ಜೀಪು ಕಾಲು ಅಗಲಿಸಿ ನಿಂತ ಗೂಳಿಯ ಹಾಗೆ ಕಾಣುತ್ತಿತ್ತಂತೆ.

ಅವತ್ತು ಆ ಜೀಪು ಏಳು ತಿರುವನ್ನೂ ಹೊಟ್ಟೆ ತಾಗದೆ ಹತ್ತಿತು. ಬಾನೆಟ್ ಮೇಲೆ ಇಟ್ಟ ಮಜ್ಜಿಗೆ ಲೋಟ ತುಳುಕಲಿಲ್ಲವಂತೆ. ತಾಯಿ ಮಡಿಲಲ್ಲಿ ಮಲಗಿದ್ದ ಕೂಸು ಊರು ಬಂದರೂ ಏಳಲಿಲ್ಲವಂತೆ. ಒಂಟಿ ಸಲಗ ದಾರಿ ಬಿಟ್ಟು ನಿಂತಿತಂತೆ. ಅದು ಜಾಸ್ತಿಯಾಯಿತು, ಇರಲಿ, ಜನ ಹೇಳುತ್ತಾರೆ.

ಅಲ್ಲಿಂದ ಗುರುಮಲ್ಲನಿಗೆ ಅನ್ನ ಸೇರಲಿಲ್ಲ. ಅವನ ಜೀಪು ಖಾಲಿ ನಿಂತಿದ್ದರೂ ಜನ ಜವರನಿಗೆ ಕಾಯುತ್ತಿದ್ದರು. ಮೊದಲ ಎಲೆ ಜವರನ ಮುಂದೆ ಬಿತ್ತು. ಕೊನೆಗೆ, ತವರಿಗೆ ಬಂದಿದ್ದ ತುಂಬು ಬಸುರಿ ಮಗಳು ಮಾದೇವಿ ಕೂಡ, "ನೋವು ಬಂದ್ರೆ ಜವರಣ್ಣನ ಜೀಪಲ್ಲೇ ಕರ್ಕೊಂಡೋಗಪ್ಪ" ಅಂದುಬಿಟ್ಟಳು. ಹೊಟ್ಟೆಯಲ್ಲಿ ಹುಟ್ಟಿದವಳೇ ಹೊಟ್ಟೆಗೆ ಬೆಂಕಿ ಇಟ್ಟಳಲ್ಲ ಅಂತ ಗುರುಮಲ್ಲ ಜಗಲಿಯಲ್ಲಿ ಕೂತು ಅತ್ತನಂತೆ. ನನ್ನ ಮಗಳು ಬೆಟ್ಟ ಇಳಿದರೆ ನನ್ನ ಜೀಪಲ್ಲೇ ಇಳಿಯಬೇಕು ಅಂತ ಅವತ್ತೇ ಆಣೆ ಹಾಕಿಕೊಂಡ.

ಅದೇ ಗುಜರಿಯಲ್ಲಿ ಅಂಥದೇ ಟೈರು ತಂದ. ಅದೇ ಲೇತಿನವನ ಹತ್ತಿರ ಬಿಲ್ಲೆ ಕಡೆಸಿದ. ಜವರನದು ಎರಡು ಬೆರಳು, ಇವನದು ಮೂರು ಬೆರಳು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಲ್ಲ, ಹಾಗೆ. ಸುದ್ದಿ ಕೇಳಿ ಜವರ ಮನೆವರೆಗೂ ಬಂದನಂತೆ, ಏನೋ ಹೇಳಬೇಕು ಅಂತ. ಗುರುಮಲ್ಲ ಮುಖ ತಿರುಗಿಸಿ ಒಳಗೆ ಹೋದ.

ಆದರೂ ಮನಸ್ಸಲ್ಲಿ ಒಂದು ಹುಳ. ನಾಲ್ಕನೇ ತಿರುವಿನ ಚಪ್ಪಟೆ ಕಲ್ಲಿನ ಹತ್ತಿರ ಜವರ ಪ್ರತಿ ಸಲ ಜೀಪು ನಿಲ್ಲಿಸುತ್ತಾನಲ್ಲ, ಯಾಕೆ? ಪೊದೆ ಹಿಂದೆ ಅಡಗಿ ನೋಡಿದ. ಜವರ ಇಳಿದು ಜೀಪು ಸುತ್ತಿದ. ಒಂದೊಂದು ಚಕ್ರದ ಮುಂದೆ ಬಗ್ಗಿ, ಎರಡೂ ಕೈಯಿಂದ ಹಿಡಿದ. ಆಮೇಲೆ ಹತ್ತಿ ಹೊರಟ. ಓಹೋ, ಮಂತ್ರ ಹಾಕುತ್ತಾನೆ ಅಂದುಕೊಂಡ ಗುರುಮಲ್ಲ. ಗುಟ್ಟು ಸಿಕ್ಕಿತಲ್ಲ ಅಂತ ಅವತ್ತು ಹೊಟ್ಟೆ ತುಂಬ ಉಂಡ.

ಎಂಟು ದಿನಕ್ಕೆ ಮಾದೇವಿಗೆ ನೋವು ಬಂತು. ಜವರ ಪೇಟೆಗೆ ಹೋಗಿದ್ದ. ಇನ್ನೇನು ಬರುತ್ತಾನೆ, ಒಸಿ ತಡಿ ಅಂದಳು ಗುರುಮಲ್ಲನ ಹೆಂಡತಿ. ಗುರುಮಲ್ಲ ತಡೆಯಲಿಲ್ಲ. ತಾಯಿ ಮಗಳನ್ನು ಕೂರಿಸಿಕೊಂಡು ಮಟಮಟ ಮಧ್ಯಾಹ್ನ ಹೊರಟ. ಚಪ್ಪಟೆ ಕಲ್ಲಿನ ಹತ್ತಿರ ನಿಲ್ಲಿಸಿದ. ಮಗಳು ಹಲ್ಲು ಕಚ್ಚಿ ನರಳುತ್ತಿದ್ದರೂ ನಾಲ್ಕು ಚಕ್ರಕ್ಕೂ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ, ಕರ್ಪೂರವನ್ನೂ ಹಚ್ಚಿದ.

ಮುಂದಿನ ತಿರುವಲ್ಲಿ ಎಡಗಡೆಯ ಮುಂದಿನ ಚಕ್ರ ಕಳಚಿತು. ಬಿಲ್ಲೆ ಸಮೇತ ಕಳಚಿ, ಜೀಪಿಗಿಂತ ಮುಂದೆ ತಾನೇ ಉರುಳಿ ಹೋಯಿತು. ಜೀಪು ಮೂತಿ ನೆಲಕ್ಕೆ ಕೊಟ್ಟು ದಿಬ್ಬಕ್ಕೆ ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮಾದೇವಿ ಕೂಗಿದ ಕೂಗು ಕೇಳಿ ಗುರುಮಲ್ಲ ದಾರಿಗಿಳಿದು ಕೆಳಗೆ ನೋಡಿದ. ಅವನ ಜೀವಮಾನದಲ್ಲಿ ಅದೇ ಮೊದಲ ಸಲವಂತೆ, ಜವರ ಬರಲಪ್ಪ ಅಂತ ಅವನು ಬೇಡಿಕೊಂಡದ್ದು.

ಆ ಚಕ್ರ ಉರುಳಿ ಉರುಳಿ, ಕೆಳಗಿನಿಂದ ಹತ್ತಿ ಬರುತ್ತಿದ್ದ ಜವರನ ಜೀಪಿನ ಮುಂದೆಯೇ ಬಿತ್ತಂತೆ. ಅವನು ಎರಡು ತಿರುವು ಹಾರಿಸಿಕೊಂಡು ಬಂದ, ತಾಯಿ ಮಗಳನ್ನು ಎತ್ತಿ ಕೂರಿಸಿದ. ಜೀಪು ತಿರುಗಿಸಲು ಜಾಗವಿಲ್ಲ. ಕತ್ತು ಹಿಂದಕ್ಕೆ ಹೊರಳಿಸಿ, ಪೇಟೆ ರಸ್ತೆವರೆಗೂ ರಿವರ್ಸಲ್ಲೇ ಇಳಿಸಿದನಂತೆ. ಹೊರಡುವ ಮುಂಚೆ, ನಾಲ್ಕು ಚಕ್ರಕ್ಕೂ ಕೈ ಮುಟ್ಟಿಸಿದ್ದೆನಲ್ಲ ಅಂದ ಗುರುಮಲ್ಲನಿಗೆ ಇಷ್ಟೇ ಹೇಳಿದ: "ಮುಟ್ಟದಲ್ಲ ಕನಣ್ಣ, ಅಲ್ಲಾಡ್ಸಿ ನೋಡದು. ಹೊಸ ಬಿಲ್ಲೆ ಕೂತ್ಕತಾ ಕೂತ್ಕತಾ ಒಳಗಿನ ನಟ್ಟು ಸಡ್ಲಾಗುತ್ತೆ. ಚಕ್ರ ಬಿಚ್ಚಿ ಬಿಗೀಬೇಕು. ಅವತ್ತೇ ಹೇಳವ ಅಂತ ಬಂದಿದ್ನಲ್ಲ."

ಮೂರು ಚಕ್ರದ ಜೀಪಿನ ಪಕ್ಕ ಗುರುಮಲ್ಲ ಒಬ್ಬನೇ ಕೂತ. ನನ್ನ ಚಕ್ರ ಕೂಡ ಅವನ ಹತ್ತಿರವೇ ಓಡಿ ಹೋಯಿತಲ್ಲ ಅಂತ ಸಂಕಟಪಟ್ಟನಂತೆ. ನೋಡಿ, ಮಗಳು ಉಳಿದಳೋ ಇಲ್ಲವೋ ಗೊತ್ತಿಲ್ಲದ ಹೊತ್ತಲ್ಲೂ ಕಿಚ್ಚು ಆರಲಿಲ್ಲ. ಮಗಳು ಉಳಿದಳು. ಹೆಣ್ಣು ಹೆತ್ತಳು. ಜವರಮ್ಮ ಅಂತ ಹೆಸರಿಟ್ಟಳು. ಗುರುಮಲ್ಲ ಸಾಯುವವರೆಗೂ ಆ ಹೆಸರು ಹಿಡಿದು ಮೊಮ್ಮಗಳನ್ನು ಕೂಗಬೇಕಾಯಿತು.

ಅವನು ಮತ್ತೆ ಜೀಪು ಓಡಿಸಲಿಲ್ಲ. ಜಾಕು, ನಟ್ಟು ಬಿಗಿಯುವ ಪಾನಾ ಹಿಡಿದು ಆ ಚಪ್ಪಟೆ ಕಲ್ಲಿನ ಮೇಲೆ ಕೂತ. ಬೆಟ್ಟಕ್ಕೆ ಬಂದ ಒಂದೊಂದು ಜೀಪಿನ ಚಕ್ರವನ್ನೂ ಅಲ್ಲಾಡಿಸಿ ನೋಡುತ್ತಿದ್ದ, ಸಡಿಲಿದ್ದರೆ ಬಿಚ್ಚಿ ಬಿಗಿಯುತ್ತಿದ್ದ. ಪುಣ್ಯದ ಕೆಲಸ ಅಂದರು ಜನ. ಅವನ ಆಸೆ ಬೇರೆ ಇತ್ತು: ಜವರನ ಚಕ್ರ ಒಂದೇ ಒಂದು ಸಲ ಸಡಿಲಾಗಿ ಸಿಗಬೇಕು, ಊರ ಮುಂದೆ ತೋರಿಸಬೇಕು. ವರ್ಷಗಟ್ಟಲೆ ಕಾದ. ಸಿಗಲಿಲ್ಲ.

ಜವರನ ಕಣ್ಣು ಮಂಜಾದ ಕಾಲಕ್ಕೆ ಒಂದು ದಿನ ಸಿಕ್ಕಿತಂತೆ. ಜವರ ರೇಡಿಯೇಟರಿಗೆ ನೀರು ತರಲು ಹಳ್ಳಕ್ಕೆ ಇಳಿದಿದ್ದ. ಗುರುಮಲ್ಲ ಹಿಂದಿನ ಚಕ್ರ ಅಲ್ಲಾಡಿಸಿದ. ಅದು ಕಟಕಟ ಅಂದಿತು. ಅವನು ಸುತ್ತ ನೋಡಿದ, ಜಾಕು ಕೊಟ್ಟ, ಚಕ್ರ ಬಿಚ್ಚಿ ಒಳಗಿನ ನಟ್ಟು ಬಿಗಿದ, ಮತ್ತೆ ಕೂರಿಸಿ ಬಿಗಿದ, ಪಾನಾ ತೆಗೆಯದೆ ಇನ್ನೊಂದು ಸಲ ಎಳೆದ, ಕಲ್ಲಿನ ಮೇಲೆ ಹೋಗಿ ಕೂತ. ಯಾರಿಗೂ ಹೇಳಲಿಲ್ಲವಂತೆ. ಹೇಳದಿದ್ದರೆ ನಿನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಜನ ಹೇಳುತ್ತಾರೆ.

ಈಗಲೂ ಆ ಚಪ್ಪಟೆ ಕಲ್ಲಿಗೆ ಜವರನ ಕಲ್ಲು ಅಂತಲೇ ಹೆಸರು. ಡ್ರೈವರುಗಳು ಅಲ್ಲಿ ಇಳಿದು, ಜವರಣ್ಣ ಅಂತ ಕೂಗಿ, ಎರಡೂ ಕೈಯಿಂದ ಚಕ್ರ ಅಲ್ಲಾಡಿಸಿ ನೋಡುತ್ತಾರೆ. ಕೊನೆಯ ನಟ್ಟು ಬಿಗಿದ ಮೇಲೆ ಪಾನಾ ತೆಗೆಯದೆ ಇನ್ನೊಂದು ಸಲ ಎಳೆಯುತ್ತಾರೆ. ಆ ಒಂದು ಎಳೆತ ಗುರುಮಲ್ಲನದು. ಅವನ ಹೆಸರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.