ಮೊದಲ ಕೊಡದ ನೀರು

ದಾರಿ ತಪ್ಪಿ ಪೇಟೆಯ ಮೋರಿಗಿಳಿದ ತೊರೆಯೊಬ್ಬಳು ಎಂಜಲೆಲೆಗಳ ರಾಶಿಗೆ ಸಿಕ್ಕಿ ನಿಂತು, ಮೇಲೆ ಮನೆಯೊಂದರ ಮುಂದಿನ ನಲ್ಲಿಯ ಕೆಳಗಿದ್ದ ಕೊಡದ ನೀರನ್ನು ಕೇಳಿದಳು: "ತಂಗೀ, ಹೊಳೆಗೆ ಯಾವ ಕಡೆ ಹೋಗಬೇಕು? ಬಿಸಿಲೇರುವುದರೊಳಗೆ ಸೇರದಿದ್ದರೆ ಇಲ್ಲೇ ಇಂಗಿಹೋಗುತ್ತೇನೆ."

"ಯಾರಿಗೆ ತಂಗಿ? ನಾನು ದೇವರ ಮನೆಗೆ ಹೋಗುವವಳು. ಮೋರಿ ನೀರಿನ ಜೊತೆ ನನಗೆಂಥ ಮಾತು?"

"ಬೆಟ್ಟದಲ್ಲಿ ಅರಿಶಿನ ಕುಂಕುಮ ಇಟ್ಟು ನನ್ನನ್ನು ಗಂಗಮ್ಮ ಅಂದರು. ಗದ್ದೆಯವರು ಕಾಲುವೆ ಅಂದರು. ಈ ಬೀದಿಯವರು ಪಾತ್ರೆ ತೊಳೆದು ಸುರಿದು ಮೋರಿ ಅಂತಾರೆ. ಎಷ್ಟೋ ಊರು ಸುತ್ತಿದ್ದೇನೆ, ಎಲ್ಲ ಕಡೆಯೂ ಬಳಸಿದವರೇ ಹೆಸರಿಡುವುದು. ನೀನೂ ಅದೇ ಬೆಟ್ಟದವಳಲ್ಲವೆ?"

"ಬೆಟ್ಟ ಒಂದೇ ಇರಬಹುದು. ನಾನು ಪೈಪಿನಲ್ಲಿ ಬಂದವಳು."

ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿದಳು: "ಮೂರು ದಿನದ ಮೇಲೆ ನಲ್ಲಿ ಬಂದಿದೆ ಕಣೇ, ಮೊದಲನೇ ಕೊಡ ಚೆಲ್ಲಿಬಿಡು. ತುಕ್ಕು ವಾಸನೆ ಹೊಡೆಯುತ್ತೆ."

ಸೊಸೆ ಕೊಡವನ್ನು ಮೋರಿಗೆ ಬಗ್ಗಿಸಿದಳು. ನೀರು ಬಿದ್ದ ರಭಸಕ್ಕೆ ಎಲೆಯ ರಾಶಿ ಕೊಚ್ಚಿಹೋಯಿತು. ಇಬ್ಬರೂ ಒಟ್ಟಿಗೆ ಇಳಿಜಾರು ಹಿಡಿದು ಹೊಳೆಯ ದಡ ಮುಟ್ಟಿದರು.

"ಯಾರದು?" ಎಂದಿತು ಹೊಳೆ.

ಕೊಡದ ನೀರು ತಡಮಾಡಲಿಲ್ಲ. "ನಾನು ನಲ್ಲಿಯವಳು, ತಾಯಿ. ಈ ಮೋರಿಯವಳ ಜೊತೆ ಬಂದವಳಲ್ಲ."

ಇವಳು ಬೀಳದಿದ್ದರೆ ತಾನು ಇಷ್ಟು ಹೊತ್ತಿಗೆ ಆ ಎಲೆಗಳ ಹಿಂದೆಯೇ ಇಂಗಿಹೋಗುತ್ತಿದ್ದೆ ಎಂದು ತೊರೆಗೆ ಗೊತ್ತಿತ್ತು. ಅವಳು ಯಾರ ಋಣವನ್ನೂ ಉಳಿಸಿಕೊಳ್ಳುವವಳಲ್ಲ.

"ನಿಜ, ತಾಯಿ," ಎಂದಳು. "ಅವಳು ಬೇರೆ. ಮೊದಲು ಅವಳನ್ನು ಒಳಗೆ ಕರೆದುಕೊಳ್ಳಿ."