ಚಾವಡಿಯ ಹೆಂಚು ತೆಗೆದ ಮುದ್ದೀರ

ಊರು ಅಂದಮೇಲೆ ಚಾವಡಿ, ಚಾವಡಿ ಅಂದಮೇಲೆ ಕಟ್ಟಳೆ. ಕಣಗಲೂರಿನ ಚಾವಡಿಯಲ್ಲಿ ಗೌಡರೂ ಹಿರಿಯರೂ ಬಾಗಿಲು ಹಾಕಿಕೊಂಡು ಕಟ್ಟಳೆ ಮಾಡುತ್ತಿದ್ದರು. ಅದನ್ನು ತಮಟೆ ಬಡಿದು ಸಾರುತ್ತಿದ್ದವನು ಹೊನ್ನೀರಮ್ಮನ ಗಂಡ. ಆ ಕೆಲಸಕ್ಕೆಂದೇ ಊರು ಅವನಿಗೆ ಕೆರೆಯ ಕೆಳಗೆ ಒಂದು ತುಂಡು ಹೊಲ ಬಿಟ್ಟಿತ್ತು. ಗಂಡ ತೀರಿಕೊಂಡ. ತಮಟೆ ಮಗನ ಕೈಗೆ ಬಂತು. ಮಗ ಮುದ್ದೀರ ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಹೊನ್ನೀರಮ್ಮನಿಗೆ ಭಯ ಇದ್ದದ್ದೂ ಅದಕ್ಕೇ.

"ಕೆಲಸ ಕೆಟ್ಟರೆ ಹೊಲ ಊರಿಗೆ ವಾಪಸು, ಹೊನ್ನೀರವ್ವ" ಅಂದಿದ್ದರು ಗೌಡರು.

ಮೊದಲ ಸಭೆ ಮುಗಿಯಿತು. ಕೆರೆಗೆ ಎಮ್ಮೆ ಇಳಿಸಬಾರದು ಅಂತಾಯಿತು. ಗೌಡರು ಮುದ್ದೀರನನ್ನು ಕರೆದು "ತೀರ್ಮಾನ ಆಯಿತು ಅಂತ ಸಾರಿ ಬಾ" ಅಂದರು.

ಮುದ್ದೀರ ಬೀದಿ ಬೀದಿ ಸುತ್ತಿದ. "ತೀರ್ಮಾನ ಆಯಿತು! ತೀರ್ಮಾನ ಆಯಿತು!"

"ಏನು ತೀರ್ಮಾನವೋ?"

"ಅದನ್ನ ಸಾರು ಅನ್ನಲಿಲ್ಲ!"

ಮಾರನೆಯ ದಿನ ಕೆರೆ ತುಂಬ ಎಮ್ಮೆ. ಹೊನ್ನೀರಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಒಳಗೆ ಯಾರು ಏನಂದರು, ಏನು ಮಾಡಿದರು, ಒಂದೂ ಬಿಡದೆ ಹೇಳಬೇಕು ಕಣೋ!"

"ಹೂಂ ಅವ್ವ. ಒಂದೂ ಬಿಡಲ್ಲ."

ಎರಡನೆಯ ಸಭೆ. ಬೀದಿಯಲ್ಲಿ ರಾಗಿ ಒಣಹಾಕಬಾರದು ಅಂತಾಯಿತು. ಬಾಗಿಲ ಸಂದಿಯಿಂದ ಎಲ್ಲ ನೋಡಿದ್ದ ಮುದ್ದೀರ ಅರಳಿಕಟ್ಟೆ ಹತ್ತಿ ಶುರುಮಾಡಿದ. "ಗೌಡರು ಬಂದು ಕೂತರು! ಶಾನುಭೋಗರು ಆಕಳಿಸಿದರು! ಶೆಟ್ಟರು ಕೆಮ್ಮಿದರು! ಗೌಡರು 'ನೀರು ಕುಡೀರಿ' ಅಂದರು! ಶೆಟ್ಟರು 'ಬೇಡ' ಅಂದರು! ಮತ್ತೆ ಕೆಮ್ಮಿದರು! ಮತ್ತೆ ಕೆಮ್ಮಿದರು!"

ಜನ ಒಬ್ಬೊಬ್ಬರೇ ಎದ್ದು ಹೋದರು. ಅವನು ರಾಗಿಯ ವಿಷಯಕ್ಕೆ ಬರುವ ಹೊತ್ತಿಗೆ ಕಟ್ಟೆಯ ಮುಂದೆ ಉಳಿದದ್ದು ಒಂದು ನಾಯಿ. ಬೆಳಗಾದರೆ ಬೀದಿ ತುಂಬ ರಾಗಿ.

"ಯಾರಿಗೆ ಬೇಕಾಗಿತ್ತೋ ಶೆಟ್ಟರ ಕೆಮ್ಮು!" ಅಂತ ಕೂಗಾಡಿದಳು ಹೊನ್ನೀರಮ್ಮ. "ಕಟ್ಟಳೆ ಯಾರು ಪಾಲಿಸಬೇಕೋ ಅವರ ಹತ್ತಿರ ಹೋಗು. ಮುಖ್ಯವಾದ್ದು ಹೇಳಿ ಬಾ."

"ಹೂಂ ಅವ್ವ. ಅವರ ಹತ್ತಿರವೇ ಹೋಗ್ತೀನಿ."

ಮೂರನೆಯ ಸಭೆ. ಮೇಕೆಗಳು ತೋಪಿಗೆ ನುಗ್ಗಬಾರದು ಅಂತಾಯಿತು. ಮುದ್ದೀರ ನೇರವಾಗಿ ದ್ಯಾವಕ್ಕನ ಮೇಕೆ ಹಟ್ಟಿಗೆ ಹೋದ. ಒಂದೊಂದರ ಕಿವಿಗೂ ಬಾಯಿಟ್ಟು ಹೇಳಿದ. "ತೋಪಿಗೆ ಹೋಗಬಾರದಂತೆ. ತಿಳೀತಾ?" ಹೋತ ಅವನನ್ನು ಗುಮ್ಮಿ ಬೀಳಿಸಿತು.

ಮಾರನೆಯ ದಿನ ದ್ಯಾವಕ್ಕ ಪೊರಕೆ ಹಿಡಿದು ಬಂದಳು. "ತೋಪಿಗೆ ನುಗ್ಗಿದವು ಅಂತ ನನ್ನ ಮೇಕೆಗಳನ್ನೆಲ್ಲ ದೊಡ್ಡಿಗೆ ಹಾಕವ್ರೆ! ಕಟ್ಟಳೆ ಆಗೈತೆ ಅಂತ ನನಗ್ಯಾಕೋ ಹೇಳಲಿಲ್ಲ?"

"ನಿನಗ್ಯಾಕೆ ಹೇಳಲಿ ದ್ಯಾವಕ್ಕ? ನೀನು ತೋಪಿಗೆ ನುಗ್ಗಿ ಎಲೆ ಮೇಯ್ತೀಯಾ?"

ಗೌಡರು ಹೇಳಿ ಕಳಿಸಿದರು: ಇನ್ನೊಂದು ಸಲ ಹೀಗಾದರೆ ಹೊಲ ಇಲ್ಲ.

ಹೊನ್ನೀರಮ್ಮನಿಗೆ ಅಳು ಬಂತು. "ನೀನು ಬಾಯೇ ಬಿಡಬೇಡ ಮಗನೇ. ಎಲ್ಲಿ ಕಟ್ಟಳೆ ಮಾಡ್ತಾರೋ ಅಲ್ಲಿ ಮುಚ್ಚುಮರೆ ಇರಕೂಡದು. ಜನವೇ ನೋಡಿಕೊಳ್ಳಲಿ." ಬಾಗಿಲು ತೆರೆದಿಡಲಿ ಅಂತ ಅವಳ ಮನಸ್ಸಿನಲ್ಲಿತ್ತು.

"ಹೂಂ ಅವ್ವ. ಮುಚ್ಚುಮರೆ ಇರಕೂಡದು."

ನಾಲ್ಕನೆಯ ಸಭೆ. ಅವತ್ತು ಗೌಡರು ಬಾಗಿಲು ಹಾಕಿ ಅಗುಳಿಯನ್ನೂ ಜಡಿದಿದ್ದರು. ಮುದ್ದೀರ ದೂಡಿ ನೋಡಿದ. ಬಾಗಿಲು ಅಲ್ಲಾಡಲಿಲ್ಲ. ಏಣಿ ತಂದ. ಚಾವಡಿಯ ಮೇಲೆ ಹತ್ತಿ ಹೆಂಚು ಕಿತ್ತು ಪಕ್ಕಕ್ಕೆ ಜೋಡಿಸತೊಡಗಿದ. ಇವನಿಗೆ ಹುಚ್ಚು ಹಿಡಿಯಿತು ಅಂತ ನೋಡಲು ಬಂದ ಜನ ಪಕ್ಕದ ಹುಣಸೆಮರ ಹತ್ತಿ ಕೂತರು. ಹೊನ್ನೀರಮ್ಮ ಓಡಿ ಬರುವಷ್ಟರಲ್ಲಿ ಮರದಲ್ಲಿ ಎಲೆಗಿಂತ ಜನ ಹೆಚ್ಚಾಗಿದ್ದರು.

ಒಳಗೆ ಗೌಡರು ತಲೆ ತಗ್ಗಿಸಿ ಪಿಸುಗುಟ್ಟುತ್ತಿದ್ದರು. "ಊರ ಗೋಮಾಳ ಇದೆಯಲ್ಲ, ಅದನ್ನ ಇಟ್ಟಿಗೆ ಗೂಡಿಗೆ ಅಂತ ನಮ್ಮ ಭಾವನಿಗೆ..."

ನೆತ್ತಿಯ ಮೇಲೆ ಬಿಸಿಲು ಬಿತ್ತು. ಗೌಡರು ಮೇಲೆ ನೋಡಿದರು. ಆಕಾಶ. ಮುದ್ದೀರ. ಹುಣಸೆಮರ. ಊರು.

"ಮುಂದಕ್ಕೆ ಹೇಳಿ ಗೌಡ್ರೇ!" ಅಂದಳು ಕೊಂಬೆಯ ಮೇಲಿನ ದ್ಯಾವಕ್ಕ.

"...ಭಾವನಿಗೆ ಕೊಡಕೂಡದು ಅಂತ ತೀರ್ಮಾನ" ಅಂದರು ಗೌಡರು. ಶೆಟ್ಟರು ಕೆಮ್ಮಿದರು.

ಗೌಡರಿಗೆ ಸಿಟ್ಟು ನೆತ್ತಿಗೇರಿತ್ತು. "ಇನ್ನು ಈ ಹೆಂಚು ಕಿತ್ತವನ ಹೊಲ..."

ಇಡೀ ಮರ ಒಂದೇ ಬಾಯಲ್ಲಿ ಕೇಳಿತು, "ಏನಂದ್ರಿ?"

"ಅವನಿಗೇ ಇರಲಿ ಅಂದೆ."

ಹೊಲ ಉಳಿಯಿತು. ಆದರೂ ಹೊನ್ನೀರಮ್ಮನ ಭಯ ಇಳಿಯಲಿಲ್ಲ. ಮಗನ ಕಿವಿ ಹಿಡಿದು ಮನೆಗೆ ಎಳೆತಂದಳು. ಬಾಗಿಲು ಹಾಕಿದಳು.

"ಕೇಳೋ! ಇವತ್ತಿಂದ ಈ ಮನೇಲಿ ಒಂದು ಕಟ್ಟಳೆ! ನನ್ನ ಕೇಳದೆ ನೀನು ಏನೂ ಮಾಡಕೂಡದು!"

ಮುದ್ದೀರ ಕಣ್ಣರಳಿಸಿದ. "ಕಟ್ಟಳೆಯಾ ಅವ್ವ? ಈ ಮನೇಲೇ ಮಾಡ್ತಿದ್ದೀಯಾ?"

"ಹೂಂ! ಇಲ್ಲೇ! ಈಗಲೇ!"

ಮಗ ತಲೆಯಾಡಿಸಿ ಹೊರಗೆ ಹೋದ. ಅಂತೂ ಬುದ್ಧಿ ಬಂತು ಅಂದುಕೊಂಡು ಅವಳು ಒಲೆಯ ಮುಂದೆ ಕೂತಳು. ಮುದ್ದೆಗೆ ಎಸರಿಟ್ಟಳು. ಮೇಲೆ ಏನೋ ಸರಿದ ಸದ್ದು. ಎಸರಿನೊಳಕ್ಕೆ ಬಿಸಿಲು ಬಿತ್ತು. ಹೊನ್ನೀರಮ್ಮ ಕತ್ತೆತ್ತಿದಳು. ಆಕಾಶ. ಮುದ್ದೀರ. ಹಿತ್ತಿಲ ನೇರಳೆಮರ.

ಕೊಂಬೆಯ ಮೇಲಿಂದ ದ್ಯಾವಕ್ಕ ಕೂಗಿದಳು, "ಮುಂದಕ್ಕೆ ಹೇಳು, ಹೊನ್ನೀರಕ್ಕ!"